ತಪ್ಪುದಾರಿಗಿಳಿದ ತುತ್ತು: ಶ್ವಾಸನಾಳದಲ್ಲಿ ಸಿಕ್ಕ ವಸ್ತುಗಳ ಚರಿತ್ರೆ

ಊಟದ ನಡುವೆ ಅನ್ನವೋ ನೀರೋ ನೆತ್ತಿಗೆ ಹತ್ತಿದರೆ ‘ಯಾರೋ ನೆನೆಸಿಕೊಳ್ಳುತ್ತಿದ್ದಾರೆ’ ಎನ್ನುತ್ತ ತಲೆಯ ಮೇಲೆ ಮೆಲ್ಲಗೆ ತಟ್ಟುವುದು ನಮ್ಮ ಮನೆಗಳ ಹಳೆಯ ರೂಢಿ. ಹೊರನಾಡಿಗೆ ಬಂದ ಮೇಲೆ ಇದೇ ಅನುಭವಕ್ಕೆ ನೆರೆಹೊರೆಯವರು ಇಟ್ಟ ಹೆಸರುಗಳೂ ನಮ್ಮ ಕಿವಿಗೆ ಬಿದ್ದಿವೆ. ಮುಂಬಯಿ, ಪುಣೆಗಳ ಮರಾಠಿಗರಿಗೆ ಅದು ಠಸಕಾ. ಚೆನ್ನೈನ ತಮಿಳರಿಗೆ ಪುರೈ ಏರುವುದು. ಹೈದರಾಬಾದಿನ ತೆಲುಗರಿಗೆ ಪೊಲಮಾರುವುದು. ತಮಿಳರಲ್ಲಿ, ತೆಲುಗರಲ್ಲಿಯೂ ಯಾರೋ ನೆನೆದರೆಂಬ ನಂಬಿಕೆ ಉಂಟು. ನಮ್ಮ ಮಾತಿನಲ್ಲಿ ಹೀಗೆ ಮೇಲಕ್ಕೆ ‘ಹತ್ತುವ’ ತುತ್ತು ವಾಸ್ತವದಲ್ಲಿ ಕೆಳಕ್ಕೇ ಇಳಿದಿರುತ್ತದೆ. ಆದರೆ ಅನ್ನದ ದಾರಿಯನ್ನು ಬಿಟ್ಟು ಗಾಳಿಯ ದಾರಿಯನ್ನು ಹಿಡಿದಿರುತ್ತದೆ. ಬಹುಪಾಲು ಸಲ ಒಂದು ಕೆಮ್ಮು ಅದನ್ನು ಹಿಂದಕ್ಕಟ್ಟುತ್ತದೆ. ಕೆಮ್ಮು ಸೋತಾಗ ಏನಾಗುತ್ತಿತ್ತು, ಮನುಷ್ಯರು ಅದಕ್ಕೆ ಏನು ಮಾಡಿದರು ಎಂಬುದನ್ನು ನಾವು ಈ ಲೇಖನದಲ್ಲಿ ನೋಡಹೊರಟಿದ್ದೇವೆ.

ನಮ್ಮ ಗಂಟಲಿನಲ್ಲಿ ಎರಡು ದಾರಿಗಳು ಕೂಡುತ್ತವೆ. ಹಿಂದಿನದು ಅನ್ನನಾಳ, ಮುಂದಿನದು ಶ್ವಾಸನಾಳ. ನುಂಗುವ ಪ್ರತಿಯೊಂದು ತುತ್ತೂ ಶ್ವಾಸನಾಳದ ಬಾಯಿಯ ಮೇಲೆ ಹಾದೇ ಹೋಗಬೇಕು. 1859ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಡಾರ್ವಿನ್ ಕೂಡ ಈ ವಿಚಿತ್ರ ಏರ್ಪಾಡನ್ನು ಗುರುತಿಸಿದ್ದಾನೆ. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲೇರುತ್ತದೆ, ಎಲೆಯಂಥ ಒಂದು ಮುಚ್ಚಳ ಅದರ ಮೇಲೆ ಬಾಗುತ್ತದೆ, ಸ್ವರತಂತುಗಳು ಮುಚ್ಚಿಕೊಳ್ಳುತ್ತವೆ. ನಗುವಾಗ, ಅಳುವಾಗ, ಓಡುವಾಗ, ಬೆಚ್ಚಿಬಿದ್ದಾಗ ಈ ಕಾವಲು ಒಂದು ಕ್ಷಣ ಸಡಿಲಾಗುತ್ತದೆ. ಒಳಗೆ ಬಿದ್ದ ವಸ್ತು ದೊಡ್ಡವರಲ್ಲಿ ಹೆಚ್ಚಾಗಿ ಬಲಗಡೆಗೇ ಜಾರುತ್ತದೆ. ಶ್ವಾಸನಾಳದ ಬಲಗವಲು ಎಡಗವಲಿಗಿಂತ ಅಗಲವಾಗಿಯೂ ಗಿಡ್ಡವಾಗಿಯೂ ನೆಟ್ಟಗಾಗಿಯೂ ಇರುವುದೇ ಅದಕ್ಕೆ ಕಾರಣ.

ಸುಶ್ರುತನ ಮುಷ್ಟಿ

ದೇಹದೊಳಗೆ ಸೇರಿಕೊಂಡ ಹೊರವಸ್ತುವಿಗೆ ನಮ್ಮ ಪ್ರಾಚೀನ ವೈದ್ಯರು ‘ಶಲ್ಯ’ ಎಂದು ಹೆಸರಿಟ್ಟರು. ಶಸ್ತ್ರವೈದ್ಯಕ್ಕೇ ಶಲ್ಯತಂತ್ರವೆಂಬ ಹೆಸರು ಬಂದುದು ಅದರಿಂದ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯ ಶಲ್ಯವನ್ನು ಹೊರತೆಗೆಯುವ ಬಗೆಗಳಿಗೆ ಮೀಸಲು. ಗಂಟಲಿನಲ್ಲಿ ಅರಗು ಸಿಕ್ಕಿಕೊಂಡರೆ ಒಂದು ಕೊಳವೆಯನ್ನು ಇಳಿಸಿ, ಅದರೊಳಗಿಂದ ಕಾಯಿಸಿದ ಸಲಾಕೆಯನ್ನು ತೂರಿಸಿ, ಅರಗು ಅದಕ್ಕೆ ಅಂಟಿಕೊಂಡ ಮೇಲೆ ನೀರಿನಿಂದ ತಣಿಸಿ ಎಳೆಯಬೇಕೆಂದು ಅಲ್ಲಿ ಹೇಳಿದೆ. ಮೂಳೆ ಸಿಕ್ಕಿದ್ದರೆ ಗಟ್ಟಿ ದಾರಕ್ಕೆ ಕಟ್ಟಿದ ಕೂದಲಿನ ಉಂಡೆಯನ್ನು ದ್ರವಾಹಾರದೊಡನೆ ನುಂಗಿಸಿ, ವಾಂತಿ ಮಾಡಿಸಿ, ಮೂಳೆ ಕೂದಲಿಗೆ ತೊಡಕಿಕೊಂಡಾಗ ದಾರವನ್ನು ಸೆಳೆಯಬೇಕು. ತುತ್ತೇ ಗಂಟಲಿನಲ್ಲಿ ನಿಂತರೆ ರೋಗಿಗೆ ತಿಳಿಯದ ಹಾಗೆ ಹಿಂಜರಿಯದೆ ಅವನ ಹೆಗಲಿನ ಮೇಲೆ ಮುಷ್ಟಿಯಿಂದ ಹೊಡೆಯಬೇಕು. ನೀರು ಕುಡಿದು ಮುಳುಗಿದವನನ್ನು ತಲೆಕೆಳಗಾಗಿಸಿ ಅದುಮಬೇಕು, ಅಲುಗಿಸಬೇಕು.

ಈ ಉಪಾಯಗಳೆಲ್ಲ ಗಂಟಲಿಗೆ ಸಂಬಂಧಿಸಿದವು. ಶ್ವಾಸನಾಳದ ಆಳಕ್ಕೆ ಇಳಿದ ವಸ್ತುವನ್ನು ಮುಟ್ಟುವ ಮಾರ್ಗ ಅಂದು ಜಗತ್ತಿನ ಯಾರ ಬಳಿಯೂ ಇರಲಿಲ್ಲ. ಆದರೂ ಕೊಳವೆಯೊಳಗಿಂದ ಉಪಕರಣವನ್ನು ಕಳಿಸುವುದು, ಹಠಾತ್ತನೆ ಗುದ್ದುವುದು, ತಲೆಕೆಳಗಾಗಿಸುವುದು ಎಂಬ ಮೂರು ಆಲೋಚನೆಗಳು ಮುಂದಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವುದನ್ನು ನಾವು ಕಾಣುತ್ತೇವೆ. ಸುಶ್ರುತ ಪರಂಪರೆಯಿಂದ ಅವು ಪಶ್ಚಿಮಕ್ಕೆ ಹೋದವೆಂದು ನಾವು ವಾದಿಸುತ್ತಿಲ್ಲ. ಒಂದೇ ಸಂಕಟ ಒಂದೇ ಬಗೆಯ ಕೈಗಳನ್ನು ಹುಟ್ಟಿಸಿತು ಎಂದಷ್ಟೇ ಹೇಳಬಹುದು.

ಪ್ರಾಚೀನ ರೋಮನರು ಇಂಥ ಸಾವುಗಳನ್ನು ವಿಧಿಯ ವಿಡಂಬನೆಯೆಂದು ನೆನಪಿಟ್ಟರು. ಮದಿರೆಯನ್ನು ಹಾಡಿದ ಗ್ರೀಕ್ ಕವಿ ಅನಕ್ರಿಯಾನ್ ದ್ರಾಕ್ಷಿಯ ಬೀಜವೊಂದರಿಂದ ಉಸಿರುಗಟ್ಟಿ ಸತ್ತನೆಂದೂ, ಫೇಬಿಯಸ್ ಎಂಬ ಅಧಿಕಾರಿ ಹಾಲಿನಲ್ಲಿದ್ದ ಒಂದು ಕೂದಲಿನಿಂದ ಸತ್ತನೆಂದೂ ಪ್ಲಿನಿ ಬರೆದಿಟ್ಟಿದ್ದಾನೆ. ಕತೆ ಎಷ್ಟು ನಿಜವೋ, ವೈದ್ಯನಿಗೆ ಅದರಲ್ಲಿ ಪಾತ್ರವೇ ಇಲ್ಲವೆಂಬುದು ಮಾತ್ರ ಗಮನಾರ್ಹ.

ನಲವತ್ತು ದಿನ ಒಳಗಿದ್ದ ನಾಣ್ಯ

ವೈದ್ಯನ ಪಾತ್ರ ಸಾರ್ವಜನಿಕರ ಕಣ್ಣೆದುರಿಗೆ ಬಂದುದು 1843ರ ಲಂಡನ್ನಿನಲ್ಲಿ. ಇಸಂಬಾರ್ಡ್ ಕಿಂಗ್ಡಮ್ ಬ್ರೂನೆಲ್ ಆಗ ಇಂಗ್ಲೆಂಡಿನ ಅತಿ ಪ್ರಸಿದ್ಧ ಇಂಜಿನಿಯರ್. ಗ್ರೇಟ್ ವೆಸ್ಟರ್ನ್ ರೈಲುದಾರಿಯನ್ನು ಕಟ್ಟಿದವನು. ತಂದೆಯೊಡನೆ ಅವನು ದುಡಿದಿದ್ದ ಥೇಮ್ಸ್ ನದಿಯಡಿಯ ಸುರಂಗ ಆ ಮಾರ್ಚ್ ತಿಂಗಳಷ್ಟೇ ಜನರಿಗೆ ತೆರೆದಿತ್ತು. ಏಪ್ರಿಲ್ 3ರಂದು ಮಕ್ಕಳನ್ನು ನಗಿಸಲು ನಾಣ್ಯ ಮಾಯ ಮಾಡುವ ಆಟವನ್ನು ತೋರಿಸುತ್ತಿದ್ದಾಗ, ಬಾಯಲ್ಲಿದ್ದ ಅರ್ಧ ಸವರನ್ನಿನ ಚಿನ್ನದ ನಾಣ್ಯ ಶ್ವಾಸನಾಳಕ್ಕೆ ಜಾರಿತು. ಸುಮಾರು 19 ಮಿಲಿಮೀಟರ್ ಅಗಲದ ಆ ನಾಣ್ಯ ಬಲಗವಲಿನಲ್ಲಿ ಹೋಗಿ ನಿಂತಿತು.

ಮೊದಲ ದಿನಗಳಲ್ಲಿ ಕೆಮ್ಮನ್ನು ಬಿಟ್ಟರೆ ಹೆಚ್ಚಿನ ಬಾಧೆ ಇರಲಿಲ್ಲ. ಎರಡು ವಾರ ಕಳೆದ ಮೇಲೆ ಶಸ್ತ್ರವೈದ್ಯ ಸರ್ ಬೆಂಜಮಿನ್ ಬ್ರೋಡಿಯ ಸಲಹೆ ಕೇಳಲಾಯಿತು. ಬ್ರೂನೆಲ್ ಇಂಜಿನಿಯರನಂತೆಯೇ ಯೋಚಿಸಿದ: ನಾಣ್ಯ ಒಳಗೆ ಸಡಿಲವಾಗಿದ್ದರೆ ಗುರುತ್ವವೇ ಅದನ್ನು ಹೊರತರಬಲ್ಲದು. ನಡುವಿನಲ್ಲಿ ಕೀಲಿದ್ದು ಬೇಕಾದಂತೆ ವಾಲಿಸಬಹುದಾದ ಹಲಗೆಯೊಂದು ಸಿದ್ಧವಾಯಿತು. ಅದಕ್ಕೆ ಅವನನ್ನು ಕಟ್ಟಿ ತಲೆಕೆಳಗು ಮಾಡಿ ಬೆನ್ನು ತಟ್ಟಿದರು. ನಾಣ್ಯ ಜಾರಿ ಧ್ವನಿಪೆಟ್ಟಿಗೆಯನ್ನು ಮುಟ್ಟಿದ್ದೇ ತಡ, ಅದು ಸೆಟೆದು ಮುಚ್ಚಿಕೊಂಡು ಉಸಿರೇ ನಿಲ್ಲುವಂತಾಯಿತು. ಪ್ರಯೋಗವನ್ನು ಅಲ್ಲಿಗೇ ಬಿಡಬೇಕಾಯಿತು.

ಏಪ್ರಿಲ್ 27ರಂದು ಬ್ರೋಡಿ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳವನ್ನು ಕೊಯ್ದು ರಂಧ್ರ ಮಾಡಿದ. ಅರಿವಳಿಕೆ ಇನ್ನೂ ಬಂದಿರದ ಕಾಲವದು. ರಂಧ್ರದ ಮೂಲಕ ಉದ್ದನೆಯ ಇಕ್ಕಳ ಇಳಿಸಿ ನಾಣ್ಯವನ್ನು ಹಿಡಿಯಲು ಮಾಡಿದ ಯತ್ನಗಳು ವಿಫಲವಾದವು. ಕತ್ತಲಲ್ಲಿ ತಡಕಾಡುವ ಇಕ್ಕಳ ಪ್ರಾಣಕ್ಕೇ ಅಪಾಯ ತರುವಂತಿತ್ತು. ಕೊನೆಗೆ ಮೇ 13ರಂದು, ಕತ್ತಿನ ರಂಧ್ರವನ್ನು ತೆರೆದಿಟ್ಟೇ, ಅವನನ್ನು ಮತ್ತೊಮ್ಮೆ ಹಲಗೆಯ ಮೇಲೆ ತಲೆಕೆಳಗಾಗಿಸಿದರು. ಈ ಸಲ ಉಸಿರಿಗೆ ಬೇರೆ ದಾರಿ ಇದ್ದುದರಿಂದ ಭಯವಿರಲಿಲ್ಲ, ಧ್ವನಿಪೆಟ್ಟಿಗೆಯೂ ಸೆಟೆಯಲಿಲ್ಲ. ನಾಣ್ಯ ಹಲ್ಲಿಗೆ ತಾಗಿ ಬಾಯಿಂದ ಹೊರಬಿತ್ತು. ಸುದ್ದಿ ತಿಳಿದ ಇತಿಹಾಸಕಾರ ಮೆಕಾಲೆ ‘ಹೊರಬಂತು’ ಎಂದು ಕೂಗುತ್ತ ತನ್ನ ಕ್ಲಬ್ಬಿನೊಳಗೆ ಓಡಿದನೆಂಬ ಐತಿಹ್ಯವಿದೆ. ಯಾವುದು ಹೊರಬಂತೆಂದು ಕೇಳುವ ಅಗತ್ಯ ಅಂದಿನ ಲಂಡನ್ನಿನಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಶಾಲೆಗಳ ಇಂಗ್ಲಿಷ್ ಶಿಕ್ಷಣದ ಹಣೆಬರಹವನ್ನು ಬರೆದ ಮೆಕಾಲೆಯೇ ಈತ.

ನಾಣ್ಯ ಸಿಕ್ಕಿದವನು ಬ್ರೂನೆಲ್ ಆಗಿರದಿದ್ದರೆ ಏನಾಗುತ್ತಿತ್ತು? ಅದಕ್ಕೆ ಉತ್ತರ 1854ರಲ್ಲಿ ಅಮೆರಿಕದ ಶಸ್ತ್ರವೈದ್ಯ ಸ್ಯಾಮ್ಯುಯೆಲ್ ಗ್ರಾಸ್ ಪ್ರಕಟಿಸಿದ ಗ್ರಂಥದಲ್ಲಿದೆ. ಶ್ವಾಸಮಾರ್ಗದ ಹೊರವಸ್ತುಗಳನ್ನೇ ಕುರಿತ ಆ ಪುಸ್ತಕಕ್ಕಾಗಿ ಅವನು ಸುಮಾರು 200 ಪ್ರಕರಣಗಳನ್ನು ಕಲೆಹಾಕಿದ. ಜೋಳದ ಕಾಳು, ಅವರೆಯ ಜಾತಿಯ ಬೀಜ, ಕಲ್ಲಂಗಡಿ ಬೀಜಗಳಂಥ ವಸ್ತುಗಳು; ರೋಗಿಗಳಲ್ಲಿ ಬಹಳಷ್ಟು ಮಂದಿ ಮಕ್ಕಳು. ಕೆಲವರು ಕೆಮ್ಮಿ ಬದುಕಿದರು, ಅನೇಕರು ಶ್ವಾಸಕೋಶ ಕೀವುಗಟ್ಟಿ ತಿಂಗಳುಗಟ್ಟಲೆ ನವೆದು ಸತ್ತರು. ತಾನಾಗಿ ಹೊರಬಂದೀತೆಂದು ಕಾಯುವುದಕ್ಕಿಂತ ಶಸ್ತ್ರಕ್ರಿಯೆಯೇ ಮೇಲೆಂದು ಗ್ರಾಸ್ ವಾದಿಸಿದ.

ಹಲ್ಲು ಜಾರಿದ ಕಾಲ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ಕತೆಗೆ ಒಂದು ವಿಚಿತ್ರ ತಿರುವು ಬಂತು. ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ 1844ರಲ್ಲಿ ನಗೆಯನಿಲವನ್ನೂ, ವಿಲಿಯಂ ಮಾರ್ಟನ್ 1846ರಲ್ಲಿ ಈಥರನ್ನೂ ನೋವಿಲ್ಲದೆ ಹಲ್ಲು ಕೀಳಲು ಬಳಸಿದರು. ಮನುಕುಲಕ್ಕೆ ಅರಿವಳಿಕೆಯ ವರವನ್ನು ತಂದವರಲ್ಲಿ ಹಲ್ಲಿನ ವೈದ್ಯರೇ ಮುಂದಿನವರು. ಆದರೆ ನೋವನ್ನು ಅಳಿಸಿದ ಆವಿಯೇ ಕೆಮ್ಮನ್ನೂ ಮಲಗಿಸುತ್ತಿತ್ತು. ಎಚ್ಚರದಲ್ಲಿ ಕಿರುಚುತ್ತ ಹಲ್ಲು ಕೀಳಿಸಿಕೊಳ್ಳುತ್ತಿದ್ದವನು ಇಕ್ಕಳದಿಂದ ಜಾರಿದ ಹಲ್ಲನ್ನು ಉಗುಳಿಬಿಡುತ್ತಿದ್ದ. ನಿದ್ದೆಯಲ್ಲಿದ್ದವನ ಹಲ್ಲು ಸದ್ದಿಲ್ಲದೆ ಶ್ವಾಸನಾಳಕ್ಕಿಳಿಯಬಹುದಾಗಿತ್ತು. ರಕ್ತದ ನಡುವೆ ಒಂದು ಹಲ್ಲು ಲೆಕ್ಕಕ್ಕೆ ಸಿಗದಿದ್ದರೆ ಯಾರಿಗೂ ಅದರ ಪರಿವೆ ಇರುತ್ತಿರಲಿಲ್ಲ. ವಾರಗಳ ನಂತರ ಜ್ವರ, ದುರ್ನಾತದ ಕಫ, ಶ್ವಾಸಕೋಶದ ಕುರು ಕಾಣಿಸಿಕೊಳ್ಳುತ್ತಿತ್ತು.

ಇಂದು ದಂತವೈದ್ಯರಲ್ಲಿ ನಾವು ಕಾಣುವ ಹಲವು ಪದ್ಧತಿಗಳ ಹಿಂದೆ ಈ ಭಯವಿದೆ. ಅರಿವಳಿಕೆ ಕೊಟ್ಟು ಹಲ್ಲು ಕೀಳುವಾಗ ಗಂಟಲಿನ ಹಿಂಭಾಗಕ್ಕೆ ಬಟ್ಟೆಯ ಪಟ್ಟಿಯನ್ನು ತುಂಬುತ್ತಾರೆ. 1864ರಲ್ಲಿ ನ್ಯೂಯಾರ್ಕಿನ ಸ್ಯಾನ್‌ಫೋರ್ಡ್ ಬಾರ್ನಮ್ ಎಂಬ ದಂತವೈದ್ಯ ಹಲ್ಲಿನ ಸುತ್ತ ತೆಳುವಾದ ರಬ್ಬರ್ ಹಾಳೆಯನ್ನು ತೊಡಿಸಿದ್ದು ಜೊಲ್ಲನ್ನು ದೂರವಿಡಲು. ಬೇರುನಾಳದ ಚಿಕಿತ್ಸೆಯಲ್ಲಿ ಬಳಸುವ ಸೂಜಿಗಳು ಗಂಟಲಿಗೆ ಬೀಳದಂತೆ ಕಾಯುವುದೂ ಮುಂದೆ ಅದರ ಕೆಲಸವಾಯಿತು. ಶಸ್ತ್ರಕ್ರಿಯೆಗೆ ಮುನ್ನ ಅರಿವಳಿಕೆಯ ವೈದ್ಯರು ‘ಅಲ್ಲಾಡುವ ಹಲ್ಲಿದೆಯೇ, ಕಟ್ಟುಹಲ್ಲು ಇದೆಯೇ’ ಎಂದು ಕೇಳುವುದು ಬರಿಯ ಉಪಚಾರದ ಮಾತಲ್ಲ. ಅಪಘಾತದಲ್ಲಿ ಮುಖಕ್ಕೆ ಪೆಟ್ಟು ಬಿದ್ದವರ ಹಲ್ಲುಗಳನ್ನು ಎಣಿಸುವುದೂ, ಲೆಕ್ಕ ತಪ್ಪಿದರೆ ಎದೆಯ ಎಕ್ಸ್‌ರೇ ತೆಗೆಸುವುದೂ ಇದಕ್ಕಾಗಿಯೇ. ಹಲ್ಲು ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಇಂದಿನ ಹಲ್ಲಿನ ಸೆಟ್ಟುಗಳನ್ನು ಮಾಡುವ ಅಕ್ರಿಲಿಕ್ ಸಾಮಾನ್ಯವಾಗಿ ಅದರಲ್ಲಿ ಮೂಡುವುದಿಲ್ಲ; ಮುರಿದ ಸೆಟ್ಟಿನ ಚೂರು ನಿಜವಾದ ಹಲ್ಲಿಗಿಂತ ಹೆಚ್ಚು ಕಳ್ಳತನದಿಂದ ಅಡಗಿಕೊಳ್ಳುತ್ತದೆ.

ಕತ್ತಲೆಗೆ ಬೆಳಕು

ಬ್ರೋಡಿಯ ಇಕ್ಕಳ ಸೋತದ್ದು ಕಣ್ಣಿಗೆ ಕಾಣದ ಕಡೆ ಕೈ ಆಡಿಸಬೇಕಾಗಿದ್ದುದರಿಂದ. ಆ ಕತ್ತಲೆಯನ್ನು ಮೊದಲು ಭೇದಿಸಿದವನು ವೈದ್ಯನಲ್ಲ, ಹಾಡುಗಾರಿಕೆಯ ಮೇಷ್ಟ್ರು. ಸ್ಪೇನಿನ ಮೂಲದ ಮ್ಯಾನುಯೆಲ್ ಗಾರ್ಸಿಯಾ ಎರಡು ಕನ್ನಡಿಗಳನ್ನೂ ಬಿಸಿಲನ್ನೂ ಬಳಸಿ ಹಾಡುವಾಗ ತನ್ನದೇ ಸ್ವರತಂತುಗಳು ಅಲುಗುವುದನ್ನು ಕಂಡು, 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅದನ್ನು ವರದಿ ಮಾಡಿದ. 1868ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಕುಸ್‌ಮೌಲ್ ಎಂಬ ವೈದ್ಯ ಕತ್ತಿ ನುಂಗುವ ಗಾರುಡಿಗನೊಬ್ಬನ ಅನ್ನನಾಳದಲ್ಲಿ ನೇರ ಕೊಳವೆಯನ್ನು ಇಳಿಸಿ ನೋಡಿದ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲರ್ ಕಣ್ಣಿನ ಶಸ್ತ್ರಕ್ರಿಯೆಗಾಗಿ ಕೊಕೇನಿನ ಮರವಳಿಕೆಯನ್ನು ತೋರಿಸಿಕೊಟ್ಟ. ಗಂಟಲನ್ನೂ ಅದರಿಂದ ಮರಗಟ್ಟಿಸಬಹುದಾಯಿತು. 1895ರಲ್ಲಿ ರಾಂಟ್‌ಗೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದ.

ಈ ಎಳೆಗಳು ಒಂದುಗೂಡಿದ್ದು ಮತ್ತೆ ಅದೇ ಫ್ರೈಬುರ್ಗ್‌ನಲ್ಲಿ. 1897ರಲ್ಲಿ ಗುಸ್ತಾವ್ ಕಿಲಿಯನ್ ಎಂಬ ಗಂಟಲಿನ ತಜ್ಞ ಕೊಕೇನ್ ಸವರಿ, ಎಚ್ಚರದಲ್ಲಿದ್ದ ರೈತನೊಬ್ಬನ ಬಾಯಿಂದ ಬಲಗವಲಿನವರೆಗೆ ನೇರ ಕೊಳವೆಯನ್ನು ಇಳಿಸಿ ಅಲ್ಲಿ ಸಿಕ್ಕಿದ್ದ ಹಂದಿಯ ಮೂಳೆಯ ಚೂರನ್ನು ಕಣ್ಣಾರೆ ಕಂಡು ಹೊರತೆಗೆದ. ಕತ್ತನ್ನು ಕೊಯ್ಯಬೇಕಾಗಲಿಲ್ಲ, ಹಲಗೆಗೆ ಕಟ್ಟಬೇಕಾಗಲಿಲ್ಲ. ಶ್ವಾಸನಾಳದರ್ಶನದ ಯುಗ ಅಲ್ಲಿಂದ ಪ್ರಾರಂಭವಾಯಿತೆಂದು ವೈದ್ಯಚರಿತ್ರೆ ಎಣಿಸುತ್ತದೆ.

ಆ ವಿದ್ಯೆಯನ್ನು ಬದುಕಿನ ವ್ರತವಾಗಿಸಿಕೊಂಡವನು ಅಮೆರಿಕದ ಪೆನ್ಸಿಲ್ವೇನಿಯಾದ ಶೆವಲಿಯರ್ ಜಾಕ್ಸನ್ (1865–1958). ಗ್ರಾಸ್ ಕಲಿಸಿದ್ದ ಜೆಫರ್ಸನ್ ವೈದ್ಯಕಾಲೇಜಿನಲ್ಲೇ ಓದಿದ ಈತ ಕೊಳವೆಯ ತುದಿಗೇ ಪುಟ್ಟ ದೀಪವನ್ನಿಟ್ಟು ಒಳಗನ್ನು ಬೆಳಗಿದ. ಒಂದೊಂದು ಬಗೆಯ ವಸ್ತುವಿಗೆ ಒಂದೊಂದು ಬಗೆಯ ಇಕ್ಕಳವನ್ನು ರೂಪಿಸಿದ. ಮರಗೆಲಸ, ಚಿತ್ರಕಲೆಗಳಲ್ಲಿ ಪಳಗಿದ್ದ ಕೈ ಅವನದು. ಅನ್ನನಾಳದಲ್ಲಿ ಬಾಯಿ ತೆರೆದು ಮೇಲ್ಮುಖವಾಗಿ ನಿಂತ ಪಿನ್ನನ್ನು ಹಾಗೆಯೇ ಎಳೆದರೆ ನಾಳ ಸೀಳಿಹೋಗುತ್ತದೆ. ಅವನು ಅದನ್ನು ಮೊದಲು ಕೆಳಕ್ಕೆ, ಹೊಟ್ಟೆಯೊಳಕ್ಕೆ ತಳ್ಳಿ, ಅಲ್ಲಿನ ವಿಶಾಲದಲ್ಲಿ ತಿರುಗಿಸಿ, ಮೊಂಡುಭಾಗ ಮುಂದಾಗುವಂತೆ ಮೇಲೆ ತರುತ್ತಿದ್ದ. ಬಡ ಮಕ್ಕಳಿಂದ ಹಣ ಪಡೆಯದೆ ಚಿಕಿತ್ಸೆ ಮಾಡಿದ ಪ್ರಕರಣಗಳು ಅವನ ಬದುಕಿನಲ್ಲಿ ಅನೇಕ.

ಜಾಕ್ಸನ್ ಹೊರತೆಗೆದ ವಸ್ತುಗಳನ್ನು ಎಸೆಯುತ್ತಿರಲಿಲ್ಲ. ಗುಂಡಿ, ನಾಣ್ಯ, ಪಿನ್ನು, ಮೂಳೆ, ಕಡಲೆಕಾಯಿಯ ಬೀಜ, ಹಲ್ಲು, ಕಟ್ಟುಹಲ್ಲು, ಗೊಂಬೆಯಾಟದ ಪುಟ್ಟ ದುರ್ಬೀನು ಮೊದಲಾದ 2,374 ವಸ್ತುಗಳು ಇಂದಿಗೂ ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದ ಸೆಳೆಖಾನೆಗಳಲ್ಲಿವೆ. ನೋಡುವವರಿಗೆ ಅದು ವಿಲಕ್ಷಣ ಹವ್ಯಾಸವಾಗಿ ಕಾಣಬಹುದು. ಅವನಿಗೆ ಪ್ರತಿಯೊಂದೂ ಒಂದು ಪಾಠ: ಯಾವ ವಯಸ್ಸಿನವರಲ್ಲಿ, ಯಾವ ಜಾಗದಲ್ಲಿ, ಯಾವ ಉಪಕರಣದಿಂದ, ಏನು ಫಲ ಎಂಬ ದಾಖಲೆಯೊಡನೆ ಜೋಡಿಸಿದ್ದು. ಮನೆಯಲ್ಲಿ ಬಳಸುವ ಕ್ಷಾರದ ಡಬ್ಬಿಗಳ ಮೇಲೆ ವಿಷವೆಂಬ ಎಚ್ಚರಿಕೆ ಇರಲೇಬೇಕೆಂದು ಅವನು ವರ್ಷಗಟ್ಟಲೆ ಹೋರಾಡಿದುದರ ಫಲವಾಗಿ 1927ರಲ್ಲಿ ಅಮೆರಿಕದಲ್ಲಿ ಕಾಯಿದೆಯೇ ಬಂತು.

ಮೌನದ ಅವಧಿ

ಜಾಕ್ಸನ್ ಮತ್ತೆ ಮತ್ತೆ ಒತ್ತಿಹೇಳಿದ ಇನ್ನೊಂದು ಸಂಗತಿ ನಮಗೆ ಹೆಚ್ಚು ಹತ್ತಿರದ್ದು. ಎದೆಯಲ್ಲಿ ಸುಯ್ಯೆಂಬ ಸದ್ದು ಕೇಳಿದ ಮಾತ್ರಕ್ಕೆ ಅದು ಉಬ್ಬಸವೆಂದು ತೀರ್ಮಾನಿಸಬಾರದು. ವಸ್ತು ಒಳಗೆ ಬಿದ್ದ ಕೂಡಲೇ ಕೆಮ್ಮು, ಏದುಸಿರು ಇರುತ್ತವೆ. ಅದು ಒಂದು ಕವಲಿನಲ್ಲಿ ನೆಲೆಯಾದ ಮೇಲೆ ಎಲ್ಲವೂ ಶಾಂತವಾಗುತ್ತದೆ. ಗಂಡಾಂತರ ಕಳೆಯಿತೆಂದು ಮನೆಯವರು ಮರೆಯುತ್ತಾರೆ. ದಿನಗಳೋ ತಿಂಗಳುಗಳೋ ಕಳೆದ ಮೇಲೆ ಬರುವ ಕೆಮ್ಮಿಗೆ ನ್ಯುಮೋನಿಯಾ, ಉಬ್ಬಸ, ಕ್ಷಯ ಎಂದು ಚಿಕಿತ್ಸೆ ನಡೆಯುತ್ತದೆ.

ನಮ್ಮ ದೇಶದಲ್ಲಿ ಈ ಮೌನ ಇನ್ನೂ ಮೋಸದ್ದು. ಇಲ್ಲಿ ಮಕ್ಕಳ ಶ್ವಾಸನಾಳದಿಂದ ತೆಗೆಯುವ ವಸ್ತುಗಳಲ್ಲಿ ಕಡಲೆಕಾಯಿ ಬೀಜ, ಕಡಲೆ, ಅಡಿಕೆಯ ಚೂರು, ಹುಣಸೆಬೀಜ, ಸೀತಾಫಲದ ಬೀಜಗಳಂಥವೇ ಮುಖ್ಯ. ಇವು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ನೆಂದು ಉಬ್ಬುತ್ತವೆ, ಕಡಲೆಕಾಯಿಯ ಎಣ್ಣೆಯಂಶ ನಾಳದ ಒಳಪದರವನ್ನು ಕೆರಳಿಸುತ್ತದೆ. ದವಡೆಹಲ್ಲು ಪೂರ್ತಿ ಮೂಡದ ಮಗುವಿಗೆ ಬೀಜವನ್ನು ಅರೆಯಲಾಗದು. ಎಕ್ಸ್‌ರೇ ಸುಮ್ಮನಿದ್ದಾಗ ಉಳಿಯುವ ಸಾಕ್ಷಿ ಒಂದೇ: ‘ಆ ದಿನ ಕಡಲೆ ತಿನ್ನುತ್ತಿದ್ದಾಗ ಮಗು ಇದ್ದಕ್ಕಿದ್ದಂತೆ ಕೆಮ್ಮಿತು’ ಎಂಬ ತಾಯಿಯ ಅಥವಾ ಅಜ್ಜಿಯ ಮಾತು. ಅದನ್ನು ಕೇಳಿಸಿಕೊಂಡ ವೈದ್ಯರು ಮಗುವನ್ನು ಉಳಿಸುತ್ತಾರೆ. ಪರಭಾಷೆಯ ಊರಿನಲ್ಲಿ ಅವಸರದ ಹೊರರೋಗಿ ವಿಭಾಗದಲ್ಲಿ ಈ ಒಂದು ವಾಕ್ಯವನ್ನು ಹೇಳಲು ತಡವರಿಸುವ ಅಜ್ಜಿಯರು ನಮ್ಮ ಮನೆಗಳಲ್ಲೂ ಇದ್ದಾರೆಂಬುದನ್ನು ನಾವು ಮರೆಯಬಾರದು. ಅವರ ಪರವಾಗಿ ಆ ಮಾತನ್ನು ವೈದ್ಯರಿಗೆ ದಾಟಿಸುವ ಹೊಣೆ ಜೊತೆಗಿರುವ ನಮ್ಮದು.

1966ರ ಹೊತ್ತಿಗೆ ಜಪಾನಿನ ಶಿಗೆತೊ ಇಕೆಡ ಬಾಗುವ ಗಾಜಿನೆಳೆಗಳ ಶ್ವಾಸನಾಳದರ್ಶಕವನ್ನು ರೂಪಿಸಿ, ನೇರ ಕೊಳವೆ ತಲುಪದ ಕವಲುಗಳನ್ನೂ ತೋರಿಸಿಕೊಟ್ಟ. ಆದರೂ ಮಕ್ಕಳಲ್ಲಿ ವಸ್ತುವನ್ನು ತೆಗೆಯಲು ಕಿಲಿಯನ್ ಮಾದರಿಯ ನೇರ ಕೊಳವೆಯನ್ನೇ ಇಂದಿಗೂ ಅನೇಕರು ನೆಚ್ಚುತ್ತಾರೆ.

ಊಟದ ಮೇಜಿನ ಬಳಿ

ತುತ್ತು ಧ್ವನಿಪೆಟ್ಟಿಗೆಯಲ್ಲೇ ನಿಂತು ದಾರಿ ಪೂರ್ತಿ ಮುಚ್ಚಿದರೆ ಆಸ್ಪತ್ರೆಗೆ ಹೋಗುವಷ್ಟು ಕಾಲವಿರುವುದಿಲ್ಲ. 1963ರಲ್ಲಿ ಅಮೆರಿಕದ ಫ್ಲಾರಿಡಾದ ವೈದ್ಯ ಹೌಗನ್, ಹೋಟೆಲುಗಳಲ್ಲಿ ಹಠಾತ್ತನೆ ಕುಸಿದು ಸತ್ತ ಕೆಲವರದು ಹೃದಯಾಘಾತವಲ್ಲ, ಗಂಟಲಿನಲ್ಲಿ ಸಿಕ್ಕ ಮಾಂಸದ ತುಂಡು ಎಂದು ತೋರಿಸಿದ. ಸಿನ್ಸಿನಾಟಿಯ ಶಸ್ತ್ರವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ಅದಕ್ಕೆ ಸರಳವಾದ ಉಪಾಯವನ್ನು ಪ್ರಕಟಿಸಿದ: ಹಿಂದೆ ನಿಂತು ಅಪ್ಪಿ, ಹೊಕ್ಕುಳಿನ ಮೇಲ್ಗಡೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಜಗ್ಗಿದರೆ ಶ್ವಾಸಕೋಶದಲ್ಲಿ ಉಳಿದ ಗಾಳಿಯೇ ತುತ್ತನ್ನು ಚಿಮ್ಮಿಸುತ್ತದೆ. ಬೆನ್ನಿನ ಗುದ್ದು ಅಪಾಯಕಾರಿಯೆಂದು ಅವನು ತೀವ್ರವಾಗಿ ವಾದಿಸಿದ. ಅಮೆರಿಕದಲ್ಲಿ ಕೆಲಕಾಲ ಅದು ಮೂಲೆಗುಂಪಾಯಿತು. ಬಳಿಕ ಸಾಕ್ಷ್ಯಗಳ ಮರುಪರಿಶೀಲನೆಯಾಗಿ ಗುದ್ದು ಮರಳಿ ಬಂತು. 2016ರಲ್ಲಿ 96 ವರ್ಷದ ಹೈಮ್ಲಿಕ್ ತಾನಿದ್ದ ವೃದ್ಧಾಶ್ರಮದಲ್ಲಿ ಸಹವಾಸಿ ಮಹಿಳೆಯೊಬ್ಬರ ಮೇಲೆ ಈ ಉಪಾಯವನ್ನು ಸ್ವತಃ ಪ್ರಯೋಗಿಸಿ ಉಳಿಸಿದ ಸುದ್ದಿ ಜಗತ್ತಿನಾದ್ಯಂತ ಪ್ರಕಟವಾಯಿತು.

ಇಂದು ಹಲವು ದೇಶಗಳ ಮಾರ್ಗಸೂಚಿ ಹೀಗಿದೆ. ಜೋರಾಗಿ ಕೆಮ್ಮಲು ಆಗುತ್ತಿರುವವರನ್ನು ಕೆಮ್ಮಲು ಬಿಡಬೇಕು. ಮಾತು, ಕೆಮ್ಮು ಎರಡೂ ನಿಂತರೆ ಮುಂದಕ್ಕೆ ಬಾಗಿಸಿ ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಬಲವಾದ ಗುದ್ದು, ಫಲಿಸದಿದ್ದರೆ ಹೊಟ್ಟೆಯ ಮೇಲೆ 5 ಒತ್ತು, ಹೀಗೆ ಸರದಿಯಂತೆ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆಯನ್ನು ಒತ್ತಬಾರದು. ತಲೆ ತಗ್ಗಾಗುವಂತೆ ಮುಂಗೈ ಮೇಲೆ ಮಲಗಿಸಿ ಬೆನ್ನಿಗೆ 5 ಪೆಟ್ಟು, ಮಗುಚಿ ಎದೆಯ ಮೇಲೆ 5 ಒತ್ತು. ಗರ್ಭಿಣಿಯರಿಗೂ ಹೊಟ್ಟೆಯ ಬದಲು ಎದೆಯನ್ನೇ ಒತ್ತಬೇಕು. ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಬಾರದು. ದಾರಿ ಮುಚ್ಚಿದವರಿಗೆ ನೀರು ಕುಡಿಸಬಾರದು. ನೆತ್ತಿಯ ಮೇಲೆ ತಟ್ಟುವುದರಿಂದ ಪ್ರಯೋಜನವಿಲ್ಲ. ಸುಶ್ರುತನ ಮುಷ್ಟಿ ಹೆಗಲಿನಿಂದ ಕೊಂಚ ಕೆಳಗಿಳಿದು ಇಂದಿಗೂ ಬಳಕೆಯಲ್ಲಿದೆ.

ತೆಗೆಯುವುದಕ್ಕಿಂತ ಬೀಳದಂತೆ ಕಾಯುವುದು ಲೇಸು ಎಂಬ ಜಾಕ್ಸನ್‌ನ ಹಂಬಲ ವಸ್ತುಗಳ ಆಕಾರದಲ್ಲೇ ಇಂದು ಸೇರಿಹೋಗಿದೆ. ಅಮೆರಿಕದಲ್ಲಿ 1980ರಿಂದ, 3 ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಭಾಗವೂ 31.7 ಮಿಲಿಮೀಟರ್ ಅಗಲದ ಪರೀಕ್ಷಾ ಬಟ್ಟಲಿನೊಳಗೆ ಪೂರ್ತಿ ಮುಳುಗುವಷ್ಟು ಚಿಕ್ಕದಾಗಿರಬಾರದೆಂಬ ನಿಯಮವಿದೆ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಕಡ್ಡಾಯವಾಗಿದೆ. ನಾವು ದಿನವೂ ಹಿಡಿಯುವ ಬಾಲ್‌ಪೆನ್ನಿನ ಮುಚ್ಚಳದ ತುದಿಯಲ್ಲಿ ಒಂದು ತೂತಿರುವುದನ್ನು ಎಷ್ಟೋ ಮಂದಿ ಗಮನಿಸಿರಲಾರರು. ಮಗುವೊಂದು ಅದನ್ನು ಒಳಗೆಳೆದುಕೊಂಡರೂ ಸ್ವಲ್ಪ ಗಾಳಿಯಾದರೂ ಹಾದುಹೋಗಲಿ ಎಂದು ಮಾಡಿದ ತೂತದು. ಅಂತರರಾಷ್ಟ್ರೀಯ ಮಾನಕವೂ ಅದಕ್ಕಿದೆ.

ಮ್ಯೂಟರ್‌ನ ಸೆಳೆಖಾನೆಗಳಲ್ಲಿರುವ ವಸ್ತುಗಳು ಬೆಲೆಬಾಳುವುವಲ್ಲ. ಗುಂಡಿ, ಪಿನ್ನು, ಬೀಜ, ಹಲ್ಲು. ನಮ್ಮ ಮನೆಯ ನೆಲದ ಮೇಲೆ, ಅಡಿಗೆಮನೆಯ ಡಬ್ಬಿಯಲ್ಲಿ, ಅಜ್ಜನ ನೀರಿನ ಲೋಟದಲ್ಲಿ ಈ ಹೊತ್ತು ಇರುವುವೂ ಅವೇ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ನೆಲಕ್ಕೆ ಬಿದ್ದ ಕಡಲೆಯನ್ನು ಹೆಕ್ಕಿಡುವ, ಮಲಗುವ ಮುನ್ನ ಹಿರಿಯರ ಹಲ್ಲಿನ ಸೆಟ್ಟು ಲೋಟಕ್ಕೆ ಬಂತೇ ಎಂದು ನೋಡುವ ಕೆಲಸಕ್ಕೆ ಯಾವ ಚರಿತ್ರೆಯಲ್ಲೂ ಹೆಸರು ಸಿಗುವುದಿಲ್ಲ. ಬ್ರೋಡಿಯಿಂದ ಇಕೆಡನವರೆಗಿನ ವೈದ್ಯರ ಶ್ರಮವೆಲ್ಲ ಆ ಕೆಲಸ ತಪ್ಪಿದ ದಿನಕ್ಕಾಗಿ ನಡೆದದ್ದು.